ತೊಟ್ಟಿಯ ಕೆಳಗಿನ ಬಕೆಟ್ಟು

ಮನೆಯಿಂದ,
ಹತ್ತನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ನೀನು, ಮಗಳು, ಹೊಸದಾಗಿ ಬಂದ ಪುಟಾಣಿ ಮೂವರೂ ಕ್ಷೇಮವೆಂದು ನಂಬಿದ್ದೇನೆ. ಕೂಸು ಹಗಲೆಲ್ಲ ಮಲಗುತ್ತದಂತೆ. ಅಜ್ಜನ ಹಾಗೇ ಎಂದು ನೀನು ಆಡಿಕೊಂಡಿದ್ದು ನನ್ನ ಕಿವಿಗೂ ಬಿತ್ತು. ಅಲ್ಲಿಗೆ ಹೋದ ಮೇಲೆ ನಿನ್ನ ಬೆರಳುಗಳ ಬಿರುಕು ಪೂರ್ತಿ ಮಾಯ್ದಿದೆ ಎಂದು ಕಳೆದ ವಾರ ಮಗಳು ಫೋನಿನಲ್ಲಿ ಹೇಳಿದಳು. ನಾನು ಆಗಲೇ ಹೇಳಿದ್ದೆನಲ್ಲ, ನಮ್ಮ ಬಟ್ಟೆ ಸೋಪೇ ಸರಿಯಿಲ್ಲ ಎಂದು ಅವಳ ಮುಂದೆ ಬೀಗಿದೆ.

ಇಲ್ಲಿಯ ಸುದ್ದಿ ಸ್ವಲ್ಪ ಮಾನ ಹೋಗುವಂಥದ್ದು. ‘ಚರಂಡಿಗೆ ವಿಷ ಸುರಿಯಬೇಡಿ, ಅದು ಕೆರೆ ಸೇರುತ್ತದೆ’ ಎಂದು ಬೀದಿ ಬೀದಿಗೂ ಬೋರ್ಡು ಬರೆದೆನಲ್ಲ, ಹೋದ ಬುಧವಾರ ನಮ್ಮ ಬೀದಿಯ ಬೋರ್ಡಿನ ಕೆಳಗೇ ಚರಂಡಿ ನೀಲಿಯಾಗಿ ಹರಿಯಿತು. ಪಕ್ಕದ ಮನೆ ಟೈಲರ್ ಕರೆದು ತೋರಿಸಿದರು. “ಬರೆದೋರು ನೀವೇ ಅಲ್ವಾ? ಅಕ್ಷರ ಮಾತ್ರ ಮುತ್ತಿನ ಹಾಗಿದೆ ಬಿಡಿ” ಅಂದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯನ್ನು ಪುಣ್ಯಾತ್ಮರು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಕುಂಚ ತೊಳೆದ ಟರ್ಪೆಂಟೈನನ್ನು ಹನ್ನೊಂದು ವರ್ಷದಿಂದ ಹಿತ್ತಿಲ ಹಳೇ ತೊಟ್ಟಿಯ ತೂತಿಗೆ ಸುರಿಯುತ್ತಿದ್ದೇನೆ. ಇಷ್ಟು ದಿನ ಬಾರದ ಬಣ್ಣ ಈಗೇಕೆ ಬಂತು ಎಂದು ಬಗ್ಗಿ ನೋಡಿದರೆ, ತೂತಿನ ಕೆಳಗೆ ನೀನಿಟ್ಟ ಬಕೆಟ್ಟು ತುಂಬಿ ಚರಂಡಿಗೆ ತುಳುಕುತ್ತಿತ್ತು. ಅದರ ಹಿಂದೆ ನಿನ್ನ ಸೋಸುವ ಬಟ್ಟೆ, ಸಾಲಾಗಿ ಗಾಜಿನ ಜಾಡಿಗಳು: ತಳದಲ್ಲಿ ಕೂತ ಬಣ್ಣ, ಮೇಲೆ ತಿಳಿ. ಆ ತಿಳಿಯನ್ನೇ ನೀನು ನನ್ನ ಡಬ್ಬಕ್ಕೆ ತುಂಬಿಸುತ್ತಿದ್ದೆ. ನಾನು ಎಷ್ಟು ಬಳಸಿದರೂ ಮುಗಿಯದು ಎಂದು ಅಂಗಡಿಯವನ ಸರಕನ್ನು ಹೊಗಳುತ್ತಿದ್ದೆ.

“ರೀ, ಅದನ್ನ ಅಲ್ಲಿ ಸುರೀಬೇಡಿ” ಎಂದು ನೀನು ಒಮ್ಮೆ ಹೇಳಿದ್ದು ನೆನಪಿದೆ. “ನಾಳೆಯಿಂದ” ಎಂದಿದ್ದೆ ನಾನು. ಆ ನಾಳೆ ಬರುವ ಲಕ್ಷಣ ಕಾಣದೆ ಬಕೆಟ್ಟು ಇಟ್ಟೆಯೇನೋ, ಮತ್ತೆ ಒಂದು ಮಾತೂ ಆಡಲಿಲ್ಲ. ಕೆರೆ ಉಳಿಸಿ ಎಂದು ನಾನು ಶಾಲೆಯಲ್ಲಿ ಭಾಷಣ ಮಾಡಿದ ದಿನ, ಆ ಬಿರುಕುಬಿಟ್ಟ ಕೈಯಲ್ಲೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನೀನು. ನನ್ನ ಮಾತನ್ನು ಇಷ್ಟು ವರ್ಷ ನಿಜ ಮಾಡಿದವಳೂ ನೀನೇ. ಟೈಲರ್ ಮುಂದೆಯೂ ಇದನ್ನು ಹೇಳಿದ್ದೇನೆ.

ಮಗಳಿಗೆ ಆಶೀರ್ವಾದ. ಪುಟಾಣಿಯ ಅಂಗಾಲಿಗೆ ನನ್ನ ಪರವಾಗಿ ಒಂದು ಮುತ್ತು.

ನಿನ್ನ,
‘ರೀ’

ತಾ.ಕ.: ಸೋಪಿನ ವಿಚಾರ ಬಿಟ್ಟುಹೋಗಿತ್ತು. ಸೋಸುವ ಕೆಲಸ ಈಗ ನನ್ನದು. ಆ ಬಟ್ಟೆ ಹಿಂಡಿ ಹಿಂಡಿ ನನ್ನ ಬೆರಳ ಸಂದಿಯೆಲ್ಲ ಬಿರಿದು ಉರಿಯುತ್ತಿದೆ, ಥೇಟ್ ನಿನ್ನ ಕೈಯ ಹಾಗೆ. ಸೋಪನ್ನು ಬೈದದ್ದು ನನ್ನ ತಪ್ಪು. ನಿನ್ನ ಮುಲಾಮು ಎಲ್ಲಿದೆಯೋ ತಿಳಿಸು. ನೀನು ಬಂದ ಮೇಲೆ ಆ ಬಕೆಟ್ಟಿಗೆ ಕೈ ಹಾಕಕೂಡದು. ಈ ಸಲ ‘ನಾಳೆಯಿಂದ’ ಅಲ್ಲ, ಶುರುವಾಗಿ ನಾಲ್ಕು ದಿನವಾಯಿತು.