ಶುಕ್ರವಾರ ಲೆಕ್ಕಕ್ಕಿಲ್ಲ

ಸೆಪ್ಟೆಂಬರ್ 23, ಮಂಗಳವಾರ
ದೋಹಾದ ವೆಸ್ಟ್ ಬೇ ಆಫೀಸಿನಿಂದ ಬಂದು ಅಕ್ಕಿ ನೆನೆಹಾಕಿದೆ. ಆರಕ್ಕೆ ಲ್ಯಾನ್ಸ್‌ಲಾಟ್‌ನ ವಿಡಿಯೊ ಕಾಲ್ — ರಾಟರ್‌ಡ್ಯಾಮಿನಲ್ಲಿ ಏಳನೇ ಮನೆ ನೋಡುತ್ತಿದ್ದಾನೆ. ಇಲ್ಲಿಯ ದುಖಾನ್ ತೈಲಕ್ಷೇತ್ರದ ಕೆಲಸ ಬಿಟ್ಟು ಅಲ್ಲಿಯ ಹೂಳೆತ್ತುವ ಹಡಗು ಸೇರಿ ಮೂರು ತಿಂಗಳು. ಬಾಡಿಗೆಗೆ ಏನೂ ಸಿಗುತ್ತಿಲ್ಲ. ಮನೆ ಕೊಂಡರೇ ನಾನು ಹೋಗುವುದು.

ತೊಂಬತ್ತು ವರ್ಷದ ಇಟ್ಟಿಗೆ ಕಟ್ಟಡ, ಎರಡನೇ ಮಹಡಿ, ಏಣಿಯಂಥ ಮೆಟ್ಟಿಲು. ಕಿಟಕಿಯಾಚೆ ಟ್ರಾಮ್, ಮೀನಿನ ಗಾಡಿ, ಸುರಿನಾಮಿನವರ ರೊಟ್ಟಿ ಅಂಗಡಿ, ಬೀದಿ ತುಂಬ ಜನ. "ಇದು ಸಾಕು ಬಾಯೆ, ಇದೇ ನಮ್ಮ ಮನೆ" ಎಂದ. ಮದುವೆಯಾಗಿ ಎರಡು ವರ್ಷ. ಅವನು ಹೀಗೆ ಆಸೆಪಟ್ಟು ಹೇಳಿದ್ದು ಕೇಳಿರಲಿಲ್ಲ.

ಕೋಣೆಯ ಬಾಗಿಲಿನ ಮೇಲಂಚನ್ನು ಓರೆಯಾಗಿ ಕೊಯ್ದಿದ್ದರು. ಫ್ರಿಜ್‌ನ ಒಂದು ಕಾಲಿನಡಿ ಮರದ ತುಂಡು. ಕೇಳಬೇಕೆನಿಸಿತು. ಏಜೆಂಟ್ ಹೆಂಗಸು ಪಕ್ಕದಲ್ಲೇ ನಗುತ್ತ ನಿಂತಿದ್ದಳು. ಕೇಳಲಿಲ್ಲ.

ಸೆಪ್ಟೆಂಬರ್ 29
ನಮಗೇ ಸಿಕ್ಕಿತು. ಹದಿನಾಲ್ಕು ಜನ ಬಿಡ್ ಹಾಕಿದ್ದರಂತೆ. ಗೆಲ್ಲಲು ಲ್ಯಾನ್ಸ್ ಎಲ್ಲ ಷರತ್ತು ಬಿಟ್ಟುಕೊಟ್ಟಿದ್ದಾನೆ. ತಪಾಸಣೆ ಮಾಡಿಸಬಹುದು, ಆದರೆ ದೋಷ ಇದೆಯೆಂದು ಹಿಂದೆ ಸರಿಯುವಂತಿಲ್ಲ. ಸಹಿಯಾದ ಮೇಲೆ ಮೂರು ದಿನ ಮಾತ್ರ, ಕಾರಣ ಕೊಡದೆ, ಬೇಡವೆನ್ನಬಹುದು. ಅಲ್ಲಿಯ ಕಾನೂನು.

ಇಲ್ಲಿ ಮನೆಗೂ ಕೆಲಸಕ್ಕೂ ನೋಟಿಸ್ ಕೊಟ್ಟೆ. ಅಕ್ಟೋಬರ್ ಕೊನೆಗೆ ನನ್ನ ವೀಸಾ ಖಲಾಸ್.

ಅಕ್ಟೋಬರ್ 7, ಮಂಗಳವಾರ
ಸಹಿಯಾದ ಕರಾರು ಮೇಲ್‌ನಲ್ಲಿ ಬಂತು. ಬೇಡವೆನ್ನಲು ನಾಳೆಯಿಂದ ಮೂರು ದಿನ, ಕೊನೆಯ ದಿನ ರಜೆಯಾದರೆ ಮುಂದಿನ ಕೆಲಸದ ದಿನದವರೆಗೆ. ತಾರೀಖು ಬರೆದಿಲ್ಲ. ಬುಧ, ಗುರು, ಆಮೇಲೆ ರಜೆ... ಆದಿತ್ಯವಾರ. ಕ್ಯಾಲೆಂಡರಿನಲ್ಲಿ ಆದಿತ್ಯವಾರಕ್ಕೆ ಗುರುತು ಹಾಕಿದೆ.

ಲ್ಯಾನ್ಸ್ ಹಡಗು ಹತ್ತಿದ. ಇನ್ನು ಶನಿವಾರ ಮಾತ್ರ ಫೋನ್. ತಪಾಸಣೆಯ ರಿಪೋರ್ಟ್ ಸರಿ ಇಲ್ಲದಿದ್ದರೆ ಕ್ಯಾನ್ಸಲ್ ಮೇಲ್ ಹಾಕಿಬಿಡು ಎಂದ. ಹೂಂ ಎಂದೆ.

ಅಕ್ಟೋಬರ್ 9, ಗುರುವಾರ, ರಾತ್ರಿ 8
ರಿಪೋರ್ಟ್. ಅಡಿಪಾಯದ ಮರದ ಕಂಬಗಳು ಕೊಳೆತಿರುವ ಸಾಧ್ಯತೆ ಹೆಚ್ಚು. ಕಟ್ಟಡ ಬೀದಿಯ ಕಡೆ ಒಂಬತ್ತು ಸೆಂಟಿಮೀಟರ್ ಕುಸಿದಿದೆ, ಇನ್ನೂ ಕುಸಿಯುತ್ತಿದೆ. ದುರಸ್ತಿಯ ಖರ್ಚು ಮನೆ ಕೊಂಡವರ ತಲೆಗೆ.

ನಾಲ್ಕು ಸಾಲಿನ ಮೇಲ್ ಬರೆದೆ. ಕಳಿಸಲಿಲ್ಲ. ಅವನು ಆಸೆಪಟ್ಟ ಮನೆ. ನಾನೊಬ್ಬಳೇ ಬೇಡವೆನ್ನುವುದು ಹೇಗೆ? ಶನಿವಾರ ಕೇಳಿ ಕಳಿಸಿದರಾಯಿತು.

ಅಕ್ಟೋಬರ್ 10, ಶುಕ್ರವಾರ
ಅಬು ಹಮೂರ್ ಇಗರ್ಜಿ. ಇಲ್ಲಿ ವಾರದ ರಜೆ ಶುಕ್ರ, ಶನಿ; ನಮ್ಮ ಆದಿತ್ಯವಾರದ ಪೂಜೆಯೂ ಶುಕ್ರವಾರವೇ. ಪಕ್ಕದ ಫ್ಲಾಟಿನ ಡೊರೊತಿ ಆಂಟಿ — ದೋಹಾಕ್ಕೆ ಬಂದು ಇಪ್ಪತ್ತೆಂಟು ವರ್ಷ — ನನ್ನ ಮುಖ ನೋಡಿ ಎಂತ ಆಯಿತೆಂದು ಕೇಳಿದರು. ಹೇಳಿದೆ. ಇವತ್ತೇ ಕಳಿಸಲೇ ಎಂದೆ.

"ಶುಕ್ರವಾರ ಯಾವ ಆಫೀಸು ತೆರೆದಿರ್ತದೆ ಬಾಯೆ? ನಿನ್ನ ಮೇಲ್ ಓದ್ಲಿಕ್ಕೆ ವಾಚ್‌ಮ್ಯಾನ್ ಕೂತಿದ್ದಾನಾ?"

ನಗು ಬಂತು. ಸಮಾಧಾನವೂ ಆಯಿತು. ಅವರ ಮನೆಯಲ್ಲೇ ಸಾನ್ನ, ಕೋಳಿ ಸಾರು. ಸಂಜೆವರೆಗೆ ನಿದ್ದೆ.

ಅಕ್ಟೋಬರ್ 11, ಶನಿವಾರ
3.10ಕ್ಕೆ ಫೋನ್. ರಿಪೋರ್ಟ್ ಓದಿ ಹೇಳಿದೆ.

"ಕ್ಯಾನ್ಸಲ್ ಮಾಡಿದೆಯಲ್ಲ?"

"ನಾಳೆವರೆಗೆ ಉಂಟಲ್ಲ. ನಿನ್ನ ಹತ್ರ ಕೇಳಿ ಹಾಕುವ ಅಂತ..."

ಬುಧ, ಗುರು, ಶುಕ್ರ ಎಂದು ಅವನು ಎಣಿಸಿದ.

"ಎಡ್ನಾ, ಇಲ್ಲಿ ಶುಕ್ರವಾರ ಕೆಲಸದ ದಿನ. ನಿನ್ನೆ ರಾತ್ರಿಗೇ ಮುಗೀತು."

ಅವನು ಲೈನಿನಲ್ಲಿರುವಾಗಲೇ ಮೇಲ್ ಕಳಿಸಿದೆ. ಅವನು ಬೈಯಲಿಲ್ಲ. ಫೋನಿಗೆ ಬೇರೆಯವರು ಕಾಯುತ್ತಿದ್ದಾರೆ ಎಂದು ಇಟ್ಟ.

ಆರು ವರ್ಷ ಅವನೂ ಇಲ್ಲಿ ಶುಕ್ರವಾರ ಹೊದ್ದು ಮಲಗಿದವನೇ. ಮೂರು ತಿಂಗಳಲ್ಲಿ ಅವನ ವಾರ ಬದಲಾಗಿದೆ. ನನಗೆ ಗೊತ್ತೇ ಆಗಲಿಲ್ಲ.

ಅಕ್ಟೋಬರ್ 13
ಏಜೆಂಟ್ ಉತ್ತರ. ಬಹಳ ಮರ್ಯಾದೆಯ ಭಾಷೆ. ಅವಧಿ ಶುಕ್ರವಾರ ಮಧ್ಯರಾತ್ರಿಗೆ ಮುಗಿದಿದೆ. ಹಿಂದೆ ಸರಿದರೆ ಬೆಲೆಯ ಹತ್ತನೇ ಒಂದು ಪಾಲು ದಂಡ — ಅಂದರೆ ನಮ್ಮ ಹತ್ತಿರ ಇರುವುದೆಲ್ಲ. ಕೊಳ್ಳುವುದೋ ದಂಡ ಕೊಡುವುದೋ, ಇಪ್ಪತ್ತೊಂದರಂದು ಅಲ್ಲಿಯ ಸಂಜೆ ಐದರೊಳಗೆ ತಿಳಿಸಬೇಕು.

ಮೂರು ಸಲ ಬರೆದು ಬೇಡಿಕೊಂಡೆ. ಎಂ.ಎ. ಓದಿದವಳು. ದಯವಿಟ್ಟು ಎಂಬುದಕ್ಕೆ ಬೇರೆ ಮಾತು ಹೊಳೆಯಲಿಲ್ಲ.

ಅಕ್ಟೋಬರ್ 18, ಶನಿವಾರ
ಫೋನ್ ಎರಡೇ ನಿಮಿಷ. "ನಿಂಗೆ ತೋಚಿದ್ದು ಮಾಡು" ಎಂದ.

ಅದು ಒಪ್ಪಿಗೆಯಲ್ಲ. ಅವನ ಒಪ್ಪಿಗೆಯ ದನಿ ನನಗೆ ಗೊತ್ತು.

ಅಕ್ಟೋಬರ್ 21, ಮಂಗಳವಾರ, 5.20
ಅಲ್ಲಿ 4.20. ಇನ್ನು ನಲವತ್ತು ನಿಮಿಷ.

ಮಧ್ಯಾಹ್ನ ಈ ಮನೆಗೆ ಬರುವವರು ಬಂದಿದ್ದರು, ಫಿಲಿಪ್ಪೀನ್ಸ್‌ನ ಗಂಡ ಹೆಂಡತಿ. ನಾನು ನಿಂತಿದ್ದಂತೆಯೇ ಕರ್ಟನ್ನಿಗೆ ಅಳತೆ ತೆಗೆದರು. ಹಡಗಿಗೆ ಎರಡು ಮೇಲ್ ಹಾಕಿದ್ದೆ. ಉತ್ತರವಿಲ್ಲ.

ದಂಡ ಕೊಟ್ಟರೆ ಅಲ್ಲಿಯೂ ಮನೆಯಿಲ್ಲ, ಇಲ್ಲಿಯೂ ಇಲ್ಲ. ಕೊಂಡರೆ ಕುಸಿಯುವ ಮನೆ. ಎಷ್ಟು ವರ್ಷ ನಿಲ್ಲುತ್ತದೆಂದು ರಿಪೋರ್ಟ್ ಹೇಳುವುದಿಲ್ಲ.

5.41
ತೆಗೆದುಕೊಳ್ಳುತ್ತೇವೆ ಎಂದು ಕಳಿಸಿದೆ. ಯಾರನ್ನೂ ಕೇಳಲಿಲ್ಲ. ಧೈರ್ಯದಿಂದಲ್ಲ.

ಈಗ ಅವನಿಗೆ ಬರೆಯಬೇಕು. ಲ್ಯಾನ್ಸ್, ಮನೆ ನಮ್ಮದೇ. ನಾನು...