ರೊಟ್ಟಿ ಬುಟ್ಟಿಯೊಳಗಿನ ಮಣಿ

ಕಪ್ಪತಗುಡ್ಡದ ಬುಡ, ಕಾರಹುಣ್ಣಿಮೆಯ ಮರುದಿನ, ಇಸವಿ ಎರಡು ಸಾವಿರದ ಇನ್ನೂರ ಇಪ್ಪತ್ತಾರು.

ಹಿರಿಯಮ್ಮ ಸುನಂದಾ ಅವರಿಗೆ, ನಿಮ್ಮ ಏಳನೇ ತಲೆಮಾರಿನ ನೀಲವ್ವನ ಶರಣು. ತಾರೀಖು ಕಂಡು ಗಾಬರಿಯಾಗಬೇಡಿ. ನನ್ನ ಮಾತು ನಿಮ್ಮ ಕಾಲಕ್ಕೆ ಅಡ್ಡಾದಿಡ್ಡಿ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ದುಃಖದಲ್ಲಿ ಬರೆಯುತ್ತಿದ್ದೇನೆ, ತಿದ್ದುವ ತಾಳ್ಮೆ ನನಗಿಲ್ಲ.

ನಮ್ಮಲ್ಲಿ ಯಾರ ಕೈಯಲ್ಲೂ ಫೋನಿಲ್ಲ. ಹೆಸರಿಡುವ ದಿನವೇ ಕೂಸಿನ ಕಿವಿ ಚುಚ್ಚಿ ಕಿವಿಮಣಿ ಕೂರಿಸುತ್ತಾರೆ. ಊರ ಸುದ್ದಿ, ಹಾಡು, ಸಂತೆಯ ದರ, ಎಲ್ಲ ಅದರಿಂದಲೇ. ಎದುರಿಗೆ ಕೂತವರ ಮಾತೂ ಅದರೊಳಗಿಂದಲೇ ಬರಬೇಕು. ಬರುವಾಗ ಅದು ಮಾತನ್ನು ತೊಳೆದು ಕೊಡುತ್ತದೆ. ಕೆಮ್ಮು, ಬಿಕ್ಕು, ನಿಟ್ಟುಸಿರು, ಸಿಡುಕು ಎಲ್ಲ ಸೋಸಿ ಮೆತ್ತಗಿನ ದನಿಯಷ್ಟೇ ಒಳಗೆ ಬಿಡುತ್ತದೆ. ಗಂಡ ಹೆಂಡತಿ ಜಗಳವಾಡಿದರೂ ಹರಟೆ ಹೊಡೆದಂತೆ ಕೇಳಿಸುತ್ತದೆ. ಏನು ಸುಡುಗಾಡು ಸುಖವೋ!

ವರ್ಷಕ್ಕೊಮ್ಮೆ, ಉಗಾದಿಯ ಹೋಳಿಗೆ ಊಟದಷ್ಟು ಹೊತ್ತು, ಮನೆಮಂದಿಯೆಲ್ಲ ಮಣಿ ಕಳಚಿ ರೊಟ್ಟಿ ಬುಟ್ಟಿಯಲ್ಲಿಟ್ಟು ಮುಚ್ಚುತ್ತೇವೆ. ಇದಕ್ಕೆ ಬರಿಗಿವಿ ಅನ್ನುತ್ತೇವೆ. ಊಟಕ್ಕೆ ಕೂತವರ ಫೋನು ಕಸಿದು ರೊಟ್ಟಿ ಬುಟ್ಟಿಗೆ ಹಾಕಿ ಇದನ್ನು ಶುರುಮಾಡಿದವರು ನೀವೇ ಎಂದು ನಮ್ಮವ್ವ ಹೇಳುತ್ತಿದ್ದಳು. ಆಗ ದಿನಾ ಇತ್ತಂತೆ. ನಮ್ಮ ತನಕ ಬರುವಷ್ಟರಲ್ಲಿ ವರ್ಷದ ಒಂದೂಟಕ್ಕೆ ಇಳಿದಿದೆ.

ನಮ್ಮನೆಯವರು ಗುರುಪಾದಪ್ಪ. ಗುಡ್ಡದ ಮೇಲಿನ ಗಾಳಿ ಫ್ಯಾನುಗಳ ರೆಕ್ಕೆ ಉಜ್ಜಿ ನುಣುಪು ಮಾಡುವ ಕೆಲಸ ಅವರದು. ಹೋದ ಉಗಾದಿಗೆ, ಬರಿಗಿವಿ ಬೇಡ, ಗದ್ದಲಕ್ಕೆ ತಲೆ ಸಿಡಿಯುತ್ತದೆ ಅಂದರು. ಅದರ ಹಿಂದಿನ ವರ್ಷವೂ ಏನೋ ನೆಪ. ಎದೆ ಹಿಡಿದು ಬಾಗುತ್ತಿದ್ದುದನ್ನು ಕಂಡು ಕೇಳಿದರೆ, ಬೆನ್ನು ಹಿಡಿದಿದೆ ಅನ್ನುತ್ತಿದ್ದರು. ಕಿವಿಗೆ ಬಿದ್ದದ್ದು ತೊಳೆದ ದನಿ, ನಂಬಿದೆ. ಈ ಉಗಾದಿಗೆ ಹಠ ಹಿಡಿದು ಬುಟ್ಟಿಯನ್ನು ಅವರ ಮುಂದೆಯೇ ತಂದಿಟ್ಟೆ. ಕೊನೆಗೆ ಅವರು ಮಣಿ ಕಳಚಿ ಹಾಕಿದರು, ನಾನೂ ನನ್ನದನ್ನು ಹಾಕಿದೆ.

ಮುಚ್ಚಳ ಹಾಕಿದ್ದೇ ತಡ, ಅವರ ಎದೆಯ ಗೊರಗೊರ ಕೇಳಿಸಿತು. ತುತ್ತು ಬಾಯಿಗಿಡಲಾರದಷ್ಟು ಕೆಮ್ಮು. ರೆಕ್ಕೆಯ ಧೂಳು ಎಂದಿನಿಂದ ಒಳಗೆ ಕೂತಿತ್ತೋ ಶಿವನೇ ಬಲ್ಲ. ಇದು ನಿನಗೆ ಕೇಳಿಸಬಾರದು ಅಂತಲೇ ಬೇಡ ಅಂದೆ ನೀಲಾ, ಎಂದು ಒಡಕು ದನಿಯಲ್ಲಿ ಹೇಳಿದರು. ಡಾಕ್ಟರು ತಡವಾಯಿತು ಅಂದರು. ಅಂದಿನಿಂದ ನಾನು ಮಣಿ ಮುಟ್ಟದೆ, ಆ ಕೆಮ್ಮು ಕೇಳುತ್ತ ಪಕ್ಕದಲ್ಲೇ ಕೂತೆ. ಬಸವ ಜಯಂತಿ ಕಾಣಲಿಲ್ಲ ನನ್ನ ರಾಜ.

ಸತ್ತವರ ದನಿಯನ್ನೂ ಮಣಿ ಕೂಡಿಟ್ಟುಕೊಂಡಿರುತ್ತದೆ. ಊಟ ಆತೇನ ನೀಲಾ, ಎಂದು ಅವರದೇ ದನಿಯಲ್ಲಿ ಕೇಳುತ್ತದೆ. ಸಮಾಧಾನವಾಗುತ್ತದೆ, ಹಾಕಿಕೋ ಎಂದು ಓಣಿಯವರೆಲ್ಲ ಬುದ್ಧಿ ಹೇಳುತ್ತಾರೆ. ಒಮ್ಮೆ ಹಾಕಿಕೊಂಡೆ. ಆ ದನಿಯಲ್ಲಿ ಕೆಮ್ಮಿಲ್ಲ. ಅದು ನನ್ನ ಗಂಡನಲ್ಲ. ನನ್ನ ಗಂಡನ ಖರೆ ದನಿ ನನ್ನ ನೆನಪಿನಲ್ಲಷ್ಟೇ ಇದೆ, ಅದೂ ದಿನದಿಂದ ದಿನಕ್ಕೆ ಮಾಸುತ್ತಿದೆ.

ನಿಮ್ಮ ಬುಟ್ಟಿ ಇನ್ನೂ ನಿಮ್ಮ ಕೈಯಲ್ಲಿದೆ. ದಿನಾ ಒಂದೂಟದಷ್ಟು ಹೊತ್ತಾದರೂ ಅದನ್ನು ಮುಚ್ಚಿಡಿ. ಮನೆಯಲ್ಲಿ ಯಾರಾದರೂ ಇವತ್ತೊಂದಿನ ಬೇಡ ಅಂದರೆ, ಹೋಗಲಿ ಅಂತ ಬಿಡಬೇಡಿ. ಅವರ ಮಗ್ಗುಲಲ್ಲೇ ತಾಟು ಹಾಕಿಕೊಂಡು ಕೂರಿ.

ನನ್ನ ಮಣಿ ಈಗ ಬುಟ್ಟಿಯಲ್ಲಿದೆ. ಊಟ ಆತೇನ ಎಂದು ಒಳಗೆ ಕೇಳುತ್ತಲೇ ಇರಬಹುದು. ಕೇಳಲಿ. ನಾನು ಮುಚ್ಚಳ ತೆಗೆಯುವುದಿಲ್ಲ.