ಇಲ್ಲದ ಬ್ರೇಕ್

ಜೂನ್ 9, ಸಂಜೆ

ಮತ್ತೆ ಬೆಲ್ಟಿನ ಜಗಳ. ಹೊಲಿಗೆ ಫ್ಯಾಕ್ಟರಿಯ ಹೆಂಗಸರಿಗೆ ಬೆಲ್ಟ್ ಅಂದರೆ ಅವಮಾನ. "ನಾನೇನು ಪಾರ್ಸೆಲ್ಲಾ, ಕಟ್ಟಿ ಕಳ್ಸೋಕೆ?" ಎಂದರು ಕತ್ತರಿ ಅಕ್ಕ. ಬಟ್ಟೆ ಕತ್ತರಿಸುವವರು. ನಾಲಿಗೆಗೂ ಅದೇ ಕೆಲಸ. ಎಲ್ಲರೂ ಹಾಕುವವರೆಗೆ ನಾನು ವ್ಯಾನ್ ಸ್ಟಾರ್ಟ್ ಮಾಡಲಿಲ್ಲ. ಗೊಣಗುತ್ತ ಹಾಕಿದರು.

ಮುಂದಿನ ಸೀಟಿನಲ್ಲಿ ಎಂದಿನಂತೆ ಗುಂಡಿ ಅಕ್ಕ — ಅಂಗಿಗಳಿಗೆ ಗುಂಡಿ ಹಾಕುವವರು. ಅವರ ಬೆಲ್ಟ್ ಮೊದಲೇ ಹಾಕಿರುತ್ತದೆ. ಮಾತಿಲ್ಲ. ಕೈ ಹಿಡಿಕೆಯ ಮೇಲೆ, ಕಣ್ಣು ರಸ್ತೆಯ ಮೇಲೆ. ಹಿಂದಿನ ಡ್ರೈವರ್ ಫೋನಿನಲ್ಲಿ ಹರಟುತ್ತ ವ್ಯಾನನ್ನು ಚರಂಡಿಗೆ ಇಳಿಸಿದಾಗ ಇವರ ಭುಜ ಮುರಿದಿತ್ತು. ಅಂದಿನಿಂದ, ಎದುರಿಗೆ ಏನೇ ಬಂದರೂ ಇವರ ಬಲಗಾಲು ನೆಲವನ್ನು ಒತ್ತುತ್ತದೆ. ಅಲ್ಲಿ ಬ್ರೇಕ್ ಇಲ್ಲ. ಮ್ಯಾಟ್ ಮಾತ್ರ ಸವೆದು ಕುಳಿ ಬಿದ್ದಿದೆ.

"ರಸ್ತೆ ಗುಂಡಿ ತಪ್ಪಿಸ್ಬೋದು ಕಣೇ, ಪಕ್ಕದಲ್ಲಿರೋ ಗುಂಡಿ ಹೆಂಗೆ ತಪ್ಪಿಸ್ತೀಯ?" — ಕತ್ತರಿ ಅಕ್ಕ.

ಎಲ್ಲರೂ ನಕ್ಕರು. ನಾನೂ. ಆದರೆ ಇಂದೂ ನಾನು ಬ್ರೇಕ್ ಒತ್ತುವ ಮೊದಲೇ ಗುಂಡಿ ಅಕ್ಕ ನೆಲ ಒತ್ತಿದ್ದರು. ಅಂದರೆ ನಂಬಿಕೆ ಇಲ್ಲ. ಸಿಟ್ಟು ಬರಬೇಕಿತ್ತು. ಹಠ ಬಂತು.

ಜೂನ್ 10

ಬರೆಯುವಂಥದ್ದೇನಿಲ್ಲ. ಕಾಲು ಒತ್ತುತ್ತಲೇ ಇದೆ.

ಜೂನ್ 17, ಸಂಜೆ

ಲೇಟ್. ಶಾಲೆಯ ಮುಂದೆ ಮಕ್ಕಳು ರಸ್ತೆ ದಾಟುತ್ತಿದ್ದರು. ಸಾಲು ಮುಗಿಯುವವರೆಗೆ ನಿಂತೆ. ಹಿಂದೆಲ್ಲ ಹಾರ್ನ್. ಓದು ಬಿಟ್ಟ ಮೇಲೆ ಶಾಲೆಯ ಮುಂದೆ ಇಷ್ಟು ಹೊತ್ತು ನಿಂತದ್ದು ಇದೇ ಮೊದಲು.

ಹೋಗುವಷ್ಟರಲ್ಲಿ ಫ್ಯಾಕ್ಟರಿ ಗೇಟು ಮುಚ್ಚಿತ್ತು. ಮುಚ್ಚಿದರೆ ಅರ್ಧ ದಿನದ ಸಂಬಳ ಖೋತಾ. ವ್ಯಾನ್ ನಿಲ್ಲಿಸಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ವ್ಯಾನ್ ಅವನದು.

"ಪಂಚರ್ ಆಯ್ತು ಅಂತ ಸೂಪರ್‌ವೈಸರ್‌ಗೆ ಹೇಳು. ಒಳಗೆ ಬಿಡ್ತಾರೆ."

"ಆಗ್ಲಿಲ್ವಲ್ಲ ಚಿಕ್ಕಪ್ಪ."

"ಬಂದ್ಲಪ್ಪ, ಹರಿಶ್ಚಂದ್ರನ ಮೊಮ್ಮಗಳು."

ಇದ್ದದ್ದನ್ನೇ ಹೇಳಿದೆ. ಸೂಪರ್‌ವೈಸರ್ ಬಿಡಲಿಲ್ಲ. ಹೆಂಗಸರು ಮಧ್ಯಾಹ್ನದವರೆಗೆ ಗೋಡೆಯ ನೆರಳಿನಲ್ಲಿ ಕೂತರು. ನಿಜ ಹೇಳಿದವಳು ನಾನು, ಬೆಲೆ ತೆತ್ತವರು ಅವರು. ಅದನ್ನೂ ಬರೆಯಬೇಕು.

ಈಗಷ್ಟೇ ಚಿಕ್ಕಪ್ಪ ಬಂದು ಹೋದ. "ಇನ್ನೊಂದು ಸಲ ಲೇಟಾದ್ರೆ ಕೀ ರಾಕೆಟ್‌ಗೆ." ರಾಕೆಟ್ ಅವನ ಇನ್ನೊಬ್ಬ ಡ್ರೈವರ್. ಹೆಸರೇ ಸಾಕು.

ಜೂನ್ 18, ಸಂಜೆ

ಹೆಂಗಸರನ್ನು ಇಳಿಸುವ ಮುನ್ನ ಕೇಳಿಯೇಬಿಟ್ಟೆ. "ನಾಳೆಯಿಂದ ಹತ್ತು ನಿಮಿಷ ಮುಂಚೆ ಹೊರಡೋಣ. ಜೋರಾಗಿ ಓಡ್ಸೋದಂತೂ ನನ್ನ ಕೈಲಾಗಲ್ಲ."

"ಹತ್ತು ನಿಮಿಷ ಅಂದ್ರೆ ನಂಗೊಂದು ನಿದ್ದೆ ಕಣೇ," ಎಂದರು ಕತ್ತರಿ ಅಕ್ಕ.

"ವ್ಯಾನಲ್ಲಿ ಮಾಡಿ ಅಕ್ಕ."

"ನಿನ್ನ ಸ್ಪೀಡಿಗೆ ನಿದ್ದೆ ಏನು, ಬಾಣಂತನಾನೇ ಮುಗಿಯುತ್ತೆ."

ನಗು. ಯಾರೂ ಹೂಂ ಅನ್ನಲಿಲ್ಲ.

ಮನೆಗೆ ಬಂದರೆ ಅಮ್ಮ ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದಳು: "ನಿಂತಲ್ಲಿ ನಿಲ್ಲೋಳಲ್ಲ ಅಂತ ಸ್ಕೂಲಿನೋರು ಬೈತಿದ್ರು. ಈಗ ನೋಡಿದ್ರೆ, ನಿಲ್ತೀನಿ ಅಂತ ಕೆಲಸ ಕಳ್ಕೊಳ್ತಿದಾಳೆ."

ಜೂನ್ 19

ಹತ್ತು ನಿಮಿಷ ಮುಂಚೆಯೇ ಹೋದೆ. ಸ್ಟಾಪ್ ಖಾಲಿ ಇರುತ್ತದೆ ಅಂದುಕೊಂಡಿದ್ದೆ. ಗುಂಡಿ ಅಕ್ಕ ನಿಂತಿದ್ದರು. ಹಿಂದೆ ಉಳಿದವರೆಲ್ಲ. ಕತ್ತರಿ ಅಕ್ಕ ತಲೆಯನ್ನೂ ಬಾಚಿರಲಿಲ್ಲ. "ಈ ಮಹಾತಾಯಿ ಮನೆಮನೆ ಬಾಗ್ಲು ಬಡಿದ್ಲು."

ಗುಂಡಿ ಅಕ್ಕ ಬೆಲ್ಟ್ ಎಳೆದುಕೊಂಡು ಅಂದರು: "ಯಾರದೋ ಮಕ್ಕಳಿಗೆ ನಿಲ್ಲಿಸ್ದೋಳು ನಮ್ಮನ್ನ ಕೈಬಿಟ್ಟಾಳಾ."

ಅವರಿಂದ ಇಷ್ಟು ಮಾತು! ಆದರೂ ಮೊದಲ ತಿರುವಿನಲ್ಲೇ ಕಾಲು ಒತ್ತಿತು. ಮನಸ್ಸು ನಂಬಿದರೆ ಸಾಲದು, ಕಾಲೂ ನಂಬಬೇಕಲ್ಲ...

ಜುಲೈ 14, ಬೆಳಗ್ಗೆ, ಫ್ಯಾಕ್ಟರಿಯ ಮುಂದೆ

ವ್ಯಾನಿನಲ್ಲೇ ಕೂತು ಬರೆಯುತ್ತಿದ್ದೇನೆ. ಎಂಜಿನ್ ಆಫ್. ಗೇಟು ಇನ್ನೂ ತೆರೆದಿಲ್ಲ.

ದೊಡ್ಡ ಸಿಗ್ನಲ್ ಹತ್ತಿರ ಬೈಕೊಂದು ಅಡ್ಡ ನುಗ್ಗಿತು. ಮುಂಚೆಯೇ ಜಾಗ ಬಿಟ್ಟುಕೊಂಡಿದ್ದೆ. ಮೆಲ್ಲಗೆ ಒತ್ತಿದೆ, ನಿಂತಿತು. ಕೆಂಪು ದೀಪ. ಆಗ ಪಕ್ಕಕ್ಕೆ ನೋಡಿದೆ. ಕಾಲು ಅಲ್ಲಾಡಿರಲಿಲ್ಲ. ಕೈ ಹಿಡಿಕೆಯ ಮೇಲಿರಲಿಲ್ಲ, ಮಡಿಲಿನಲ್ಲಿತ್ತು. ಗುಂಡಿ ಅಕ್ಕ ನಿದ್ದೆ ಹೋಗಿದ್ದರು.

ಕತ್ತರಿ ಅಕ್ಕ ಹಿಂದಿನಿಂದ ಬಗ್ಗಿ ನೋಡಿ ಬಾಯಿ ಮುಚ್ಚಿಕೊಂಡರು. ಇಲ್ಲಿಗೆ ಬರುವವರೆಗೂ ತೆರೆಯಲಿಲ್ಲ.

ಇಲ್ಲಿ ಚಿಕ್ಕಪ್ಪ ಕಾಯುತ್ತಿದ್ದ, ರಾಕೆಟ್‌ನನ್ನು ಬೈಕಿನ ಹಿಂದೆ ಕೂರಿಸಿಕೊಂಡು. ಲೇಟಾದರೆ ಇಲ್ಲೇ ಕೀ ಕಿತ್ತುಕೊಳ್ಳುವ ಅಂದಾಜು. ಗಾಜು ತಟ್ಟಲು ಕೈ ಎತ್ತಿದ. ನಾನು ತುಟಿಗೆ ಬೆರಳಿಟ್ಟೆ. ಬಗ್ಗಿ ನೋಡಿದ. ಅಂದು ಚರಂಡಿಯಿಂದ ಗುಂಡಿ ಅಕ್ಕನನ್ನು ಎತ್ತಿದವನು ಅವನೇ. ಕೈ ಇಳಿಸಿದ.

"ಎಬ್ಬಿಸ್ಬೇಡ. ಕೀ ನಿನ್ನತ್ರಾನೇ ಇರ್ಲಿ," ಎಂದ ಮೆಲ್ಲಗೆ.

ಬೈಕ್ ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಹೋದ. ರಾಕೆಟ್ ಹಿಂದೆ ನಡೆದುಕೊಂಡು.

ಹೆಮ್ಮೆಯಾಗಿದೆ. ಸುಳ್ಳೇಕೆ ಬರೆಯಲಿ. ಗುಂಡಿ ಅಕ್ಕನದು ಸಣ್ಣ ಗೊರಕೆ.

ಗೇಟಿನ ಬೀಗ ತೆಗೆಯುತ್ತಿದ್ದಾರೆ. ಎಬ್ಬಿಸಬೇಕು. ಉಳಿದವರು ಮೊದಲು ಇಳಿಯಲಿ. ಕತ್ತರಿ ಅಕ್ಕ ಬೆಲ್ಟ್ ಬಿಚ್ಚುತ್ತಿದ್ದಾರೆ — ಸದ್ದಾಗದ ಹಾಗೆ, ಅಂಗೈಯಲ್ಲಿ ಮುಚ್ಚಿ —